ಬಾಗಿದ ಗರ್ಭಚೀಲ, ಎಂಡೋಮೆಟ್ರಿಯೋಸಿಸ್ ಸಂಶಯ: ಯಾವ ದಾರಿ ಯಾರಿಗೆ?

ನನ್ನ ಸೋನೋಗ್ರಾಫಿ ರಿಪೋರ್ಟಿನ ಕೊನೆಗೆ ಎರಡು ಸಾಲು ಇದ್ದವು. ಮೊದಲನೆಯದು, ಗರ್ಭಕೋಶ ಹಿಂದಕ್ಕೆ ಬಾಗಿದೆ. ಎರಡನೆಯದು ಒಂದೇ ಶಬ್ದ, ಎಂಡೋಮೆಟ್ರಿಯೋಸಿಸ್. ಅದರ ಪಕ್ಕಕ್ಕೆ ಒಂದು ಪ್ರಶ್ನೆ ಚಿಹ್ನೆ. ವಿಜಯಪುರದಿಂದ ಬಾಗಲಕೋಟೆಯ ತವರಿಗೆ ಹೋಗುವ ಬಸ್ಸಿನಲ್ಲಿ ಆ ಕಾಗದ ಹಿಡಿದುಕೊಂಡೇ ಕೂತಿದ್ದೆ. ನನ್ನನ್ನು ಜಾಸ್ತಿ ಹೆದರಿಸಿದ್ದು ಮೊದಲನೇ ಸಾಲು. ಚೀಲ ಬಾಗಿದ್ದರೆ ಮಕ್ಕಳಾಗುವುದಿಲ್ಲ ಎಂದು ಯಾರೋ ಯಾವಾಗಲೋ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು.

ಹೆದರಬೇಕಾದ್ದು ಆ ಸಾಲಿಗಲ್ಲ ಎಂದು ತಿಳಿಯಲು ಎರಡು ವರ್ಷ, ಮೂರು ದವಾಖಾನೆ ಬೇಕಾದವು. ಮದುವೆಗೆ ಮೊದಲು ಒಬ್ಬ ಡಾಕ್ಟರು "ಮದುವಿ ಆದ ಮ್ಯಾಲ ಎಲ್ಲಾ ಸರಿ ಆಗತೈತಿ" ಎಂದಿದ್ದರು. ಮದುವೆ ಆದ ಮೇಲೆ ಇನ್ನೊಬ್ಬರು "ಒಂದು ಕೂಸು ಆದ್ರ ನೋವು ಹೋಗ್ತದ" ಎಂದರು. ಊರು ಬದಲಾಗಿ ಮಾತಿನಲ್ಲಿ 'ಐತಿ' ಹೋಗಿ 'ಅದ' ಆಯಿತೇ ಹೊರತು ನೋವು ಅಲ್ಲೇ ಇತ್ತು.

ನಾನು ಡಾಕ್ಟರ್ ಅಲ್ಲ, ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಯಾವ ಗುಳಿಗೆ ನುಂಗಬೇಕು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಡಾಕ್ಟರ ಮುಂದೆ ಹತ್ತು ನಿಮಿಷ ಸಿಕ್ಕಾಗ ಎರಡು ದಾರಿಗಳಲ್ಲಿ ಯಾವುದು ಎಂದು ಹೇಗೆ ಯೋಚಿಸಬೇಕು ಎನ್ನುವುದಷ್ಟೇ ನನ್ನ ವಿಷಯ. ಎಂಡೋಮೆಟ್ರಿಯೋಸಿಸ್‌ನಲ್ಲಿ, ಅಂದರೆ ಗರ್ಭಚೀಲದ ಒಳಪದರದಂಥದ್ದು ಚೀಲದ ಹೊರಗೆ ಬೆಳೆಯುವ ಈ ಕಾಯಿಲೆಯಲ್ಲಿ, 'ಎಲ್ಲಕ್ಕಿಂತ ಒಳ್ಳೆಯ ಔಷಧ' ಎಂಬುದಿಲ್ಲ. ಈ ವರ್ಷ ನಿಮಗೆ ಏನು ಬೇಕು? ನೋವು ತಗ್ಗಿದರೆ ಸಾಕೇ, ಮಗು ಬೇಕೇ, ಅಥವಾ ಇದೇ ಕಾಯಿಲೆ ಹೌದೋ ಅಲ್ಲವೋ ಖಚಿತವಾಗಬೇಕೇ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ದಾರಿಗಳು ತಾವಾಗಿಯೇ ಬಿದ್ದು ಹೋಗುತ್ತವೆ.

ಬಾಗಿದೆಯೇ ಎನ್ನುವುದಲ್ಲ, ಅಂಟಿದೆಯೇ ಎಂದು ಕೇಳಿ

ಹೆಚ್ಚಿನವರ ಗರ್ಭಚೀಲ ಮುಂದಕ್ಕೆ, ಮೂತ್ರದ ಚೀಲದ ಕಡೆ ವಾಲಿರುತ್ತದೆ. ಐದು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಹಿಂದಕ್ಕೆ, ಬೆನ್ನಿನ ಕಡೆ ವಾಲಿರುತ್ತದೆ. ತಲೆಯ ಸುಳಿ ಕೆಲವರಿಗೆ ಎಡಕ್ಕೆ, ಕೆಲವರಿಗೆ ಬಲಕ್ಕೆ ಇರುವುದಿಲ್ಲವೇ, ಹಾಗೆ ಇದೂ ಹುಟ್ಟಿನಿಂದ ಬಂದ ಒಂದು ರೀತಿ. ಬರೀ ಬಾಗಿದ್ದಕ್ಕೆ ಮಕ್ಕಳಾಗುವುದು ತಪ್ಪುವುದಿಲ್ಲ. ಬಸಿರಾದ ಮೇಲೆ ಮೂರು ತಿಂಗಳು ದಾಟುವ ಹೊತ್ತಿಗೆ ಸಾಮಾನ್ಯವಾಗಿ ಅದೇ ಮೇಲೆದ್ದು ಬರುತ್ತದೆ. ಅದನ್ನು ನೆಟ್ಟಗೆ ಮಾಡಲು ಆಪರೇಷನ್ ಬೇಡ. "ಬಟ್ಟಿ ಜಾರೈತಿ" ಎಂದು ಹೊಟ್ಟೆ ತಿಕ್ಕಿಸುವುದಂತೂ ಬೇಡವೇ ಬೇಡ.

ಆದರೆ ಹಿಂದಕ್ಕೆ ಬಾಗುವುದರಲ್ಲಿ ಎರಡು ಬಗೆ ಇದೆ. ಒಂದು ಸಲೀಸಾಗಿ ಅಲುಗಾಡುವ ಚೀಲ. ಇನ್ನೊಂದು ಹಿಂದಿನ ಕರುಳಿಗೆ ಅಂಟಿಕೊಂಡು ಅಲ್ಲೇ ನಿಂತುಬಿಟ್ಟ ಚೀಲ. ಎಂಡೋಮೆಟ್ರಿಯೋಸಿಸ್ ಎಂದರೆ ಗರ್ಭಚೀಲದ ಒಳಪದರದಂಥದ್ದೇ ಪದರ ಅಂಡಾಶಯದ ಮೇಲೆ, ಚೀಲದ ಹಿಂದೆ, ಕರುಳಿನ ಮೇಲೆ ಬೆಳೆಯುವುದು. ಮುಟ್ಟಿನ ಹೊತ್ತಿಗೆ ಅಲ್ಲೂ ಉರಿಯೂತವಾಗುತ್ತದೆ, ಗಾಯ ಮಾಯುತ್ತದೆ, ಕಲೆ ಕಟ್ಟುತ್ತದೆ, ಅಂಟುತ್ತದೆ. ಆ ಅಂಟು ಚೀಲವನ್ನು ಹಿಂದಕ್ಕೆ ಎಳೆದು ಕಟ್ಟಬಲ್ಲದು. ಹಾಗಾಗಿ ಎರಡೂ ಸಾಲು ಒಟ್ಟಿಗೆ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: "ಮೇಡಂ, ಚೀಲ ಅಲುಗಾಡುತ್ತದೆಯೇ, ಅಂಟಿಕೊಂಡಿದೆಯೇ?" ಕೈಯಿಂದ ಪರೀಕ್ಷೆ ಮಾಡಿದಾಗ ಇದರ ಸುಳಿವು ಸಿಗುತ್ತದೆ. ಒಳಗಿನ ಸ್ಕ್ಯಾನಿನಲ್ಲಿ ಚೀಲ ಮತ್ತು ಕರುಳು ಒಂದರ ಮೇಲೊಂದು ಜಾರುತ್ತವೆಯೇ ಎಂದು ನೋಡಿ ಹೇಳಬಹುದು. ನನಗೆ ಮೊದಲೆರಡು ಕಡೆ ಇದನ್ನು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ ಬಿಡಿ.

ಅಲುಗಾಡುವ ಚೀಲದವರಿಗೂ ಮುಟ್ಟಿನಲ್ಲಿ ಸೊಂಟ ಹಿಡಿಯಬಹುದು, ಗಂಡನ ಜೊತೆ ಕೂಡುವಾಗ ಆಳದಲ್ಲಿ ನೋವಾಗಬಹುದು. ಅದಕ್ಕೆ ಭಂಗಿ ಬದಲಿಸಿದರೆ ಎಷ್ಟೋ ಸಲ ಸಾಕು. ಹಲ್ಲು ಕಚ್ಚಿ ಸಹಿಸಬೇಕಾದ ವಿಷಯ ಅಲ್ಲ ಇದು. ನಮ್ಮ ಕಡೆ ಇದನ್ನು ಗಂಡನಿಗೂ ಹೇಳುವುದಿಲ್ಲ, ಡಾಕ್ಟರಿಗೂ ಹೇಳುವುದಿಲ್ಲ. ಡಾಕ್ಟರಿಗಾದರೂ ಹೇಳಿ. ಇದೇ ಕಾಯಿಲೆ ಇರಬಹುದೇ ಎಂದು ಅಂದಾಜು ಮಾಡಲು ಅವರಿಗೆ ಆ ಒಂದು ಮಾತು ಬಹಳ ಬೇಕು. ಮುಟ್ಟಿನ ದಿನಗಳಲ್ಲಿ ಸಂಡಾಸಿಗೆ ಹೋದಾಗ ನೋವಾಗುತ್ತದೆ ಎನ್ನುವುದೂ ಅಷ್ಟೇ ಮುಖ್ಯದ ಮಾತು.

ಯಾವ ಸ್ಕ್ಯಾನ್?

ಹೊಟ್ಟೆಯ ಮೇಲಿನ ಸೋನೋಗ್ರಾಫಿ ಎಲ್ಲ ಕಡೆ ಸಿಗುತ್ತದೆ, ಖರ್ಚು ಕಡಿಮೆ. ನೀರು ಕುಡಿದು ಮೂತ್ರ ಕಟ್ಟಿಕೊಂಡು ಕೂರಬೇಕು. ದೊಡ್ಡ ಗಡ್ಡೆ, ದೊಡ್ಡ ಸಿಸ್ಟ್ ಇದ್ದರೆ ಕಾಣುತ್ತದೆ. ಆದರೆ ಹಿಂದಕ್ಕೆ ಬಾಗಿದ ಚೀಲ ಹೊಟ್ಟೆಯ ಗೋಡೆಯಿಂದ ದೂರ ಇರುತ್ತದೆ. ಹಾಗಾಗಿ ನಮ್ಮಂಥವರಿಗೆ ಈ ಸ್ಕ್ಯಾನ್ ಮಸುಕು.

ಒಳಗಿನ ಸ್ಕ್ಯಾನ್ ಯೋನಿಯ ಮೂಲಕ ಮಾಡುವುದು. ಅದಕ್ಕೆ ಮೂತ್ರ ಮಾಡಿ ಬಂದು ಮಲಗಬೇಕು. ಕಾಂಡೋಮ್ ಹಾಕಿದ ತೆಳ್ಳನೆಯ ಕೋಲು, ಕೆಲವೇ ನಿಮಿಷದ ಕೆಲಸ. ಮುಜುಗರ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅಂಡಾಶಯದ ಚಾಕೊಲೇಟ್ ಸಿಸ್ಟ್, ಅಂದರೆ ಹಳೆಯ ರಕ್ತ ತುಂಬಿ ಕಂದಾದ ಚೀಲ, ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಪಳಗಿದ ಕೈ ಆದರೆ ಅಂಟು, ಆಳದ ಗಂಟು ಕೂಡ. ನೋವಾದರೆ ನಿಲ್ಲಿಸಿ ಎನ್ನಬಹುದು. ಹೆಣ್ಣು ಡಾಕ್ಟರ್ ಬೇಕು, ಅಥವಾ ಜೊತೆಗೆ ಅವ್ವ ಇರಲಿ ಎಂದು ಕೇಳಬಹುದು.

ಮದುವೆಯಾಗದ ಹುಡುಗಿಯರಿಗೆ ನಮ್ಮ ಊರುಗಳಲ್ಲಿ ಒಳಗಿನ ಸ್ಕ್ಯಾನ್ ಸಾಮಾನ್ಯವಾಗಿ ಮಾಡುವುದಿಲ್ಲ. ಅಲ್ಲಿ ಎಂಆರ್‌ಐ ಕೆಲಸಕ್ಕೆ ಬರುತ್ತದೆ. ಎಕ್ಸ್‌ರೇ ಥರ ವಿಕಿರಣ ಇಲ್ಲ, ಆದರೆ ದುಬಾರಿ, ಅರ್ಧ ತಾಸಿಗೂ ಮೇಲೆ ಗಡಗಡ ಸದ್ದಿನಲ್ಲಿ ಅಲುಗಾಡದೆ ಮಲಗಬೇಕು. ಕರುಳಿನ ತನಕ ಹೋಗಿರುವ ಸಂಶಯ ಇದ್ದರೆ, ಅಥವಾ ಚೀಲದ ಗೋಡೆಯೊಳಗೇ ಪದರ ಬೆಳೆಯುವ ಅಡೆನೋಮಯೋಸಿಸ್ ಸಂಶಯ ಇದ್ದರೆ ಮದುವೆಯಾದವರಿಗೂ ಇದನ್ನು ಬರೆಯುತ್ತಾರೆ. ಮೊದಲ ಭೇಟಿಗೇ ಎಲ್ಲರಿಗೂ ಎಂಆರ್‌ಐ ಬೇಕಿಲ್ಲ.

ಮೂರರಲ್ಲೂ ಒಂದು ಕೊರತೆ ಇದೆ. ಹೊಟ್ಟೆಯೊಳಗಿನ ಪೊರೆಯ ಮೇಲೆ ಈ ಕಾಯಿಲೆಯ ಸಣ್ಣ ಚುಕ್ಕೆಗಳಿದ್ದರೆ ಸ್ಕ್ಯಾನಿಗೆ ಬಹುಮಟ್ಟಿಗೆ ಕಾಣುವುದಿಲ್ಲ. ರಿಪೋರ್ಟ್ ನಾರ್ಮಲ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದಾಗುವುದಿಲ್ಲ. "ನಾರ್ಮಲ್ ಐತಲ್ಲ, ಮತ್ಯಾಕ ಅಳ್ತಿ?" ಎನ್ನುವವರಿಗೆ ಇದನ್ನು ತೋರಿಸಿ. ಸಿಎ-125 ಎಂಬ ರಕ್ತ ಪರೀಕ್ಷೆ ಬರೆದರೆ ಯಾಕೆ ಎಂದು ಕೇಳಿ. ಅದು ಮುಟ್ಟಿನಲ್ಲೂ ಏರುತ್ತದೆ, ಫೈಬ್ರಾಯ್ಡ್ ಎಂಬ ಗರ್ಭಚೀಲದ ಗಡ್ಡೆ ಇದ್ದರೂ ಏರುತ್ತದೆ, ಟಿಬಿ ಇದ್ದರೂ ಏರುತ್ತದೆ. ಈ ಕಾಯಿಲೆ ಹೌದೋ ಅಲ್ಲವೋ ಎಂದು ಅದರಿಂದ ಹೇಳಲಾಗದು.

ಒಂದು ಮಾತು ಬಿಟ್ಟೆ. ಸೋನೋಗ್ರಾಫಿಗೆ ಹೋಗಿದ್ದೆ ಎಂದರೆ ಓಣಿಯಲ್ಲಿ "ಎಷ್ಟು ತಿಂಗಳು?" ಎಂದೇ ಕೇಳುತ್ತಾರೆ. ಉತ್ತರ ಮೊದಲೇ ತಯಾರು ಇಟ್ಟುಕೊಳ್ಳಿ.

ಖಚಿತವಾಗದೆ ಔಷಧ ಶುರು ಮಾಡುವುದೋ, ಮೊದಲು ಹೊಟ್ಟೆಯೊಳಗೆ ನೋಡಿಸುವುದೋ?

ಹಿಂದೆ ಲ್ಯಾಪ್ರೋಸ್ಕೋಪಿ ಮಾಡಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಹಾಕಿ ಕ್ಯಾಮೆರಾ ಇಳಿಸಿ, ಕಣ್ಣಾರೆ ನೋಡಿದರೆ ಮಾತ್ರ ಖಚಿತ ಎನ್ನುತ್ತಿದ್ದರು. ಯುರೋಪಿನ ಸಂತಾನ ವೈದ್ಯಕೀಯ ಸಂಘ 2022ರ ಮಾರ್ಗಸೂಚಿಯಲ್ಲಿ ಆ ಮಾತನ್ನು ಸಡಿಲಿಸಿತು. ಲಕ್ಷಣ ಹೊಂದಿದರೆ ಔಷಧ ಕೊಟ್ಟು ನೋಡಬಹುದು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ, ಔಷಧಕ್ಕೆ ಬಗ್ಗದಿದ್ದರೆ, ಅಥವಾ ಔಷಧ ಆಗಿಬರದಿದ್ದರೆ ಆಗ ಲ್ಯಾಪ್ರೋಸ್ಕೋಪಿಯ ಯೋಚನೆ. ಪ್ರಶ್ನೆ ಚಿಹ್ನೆ ಇಟ್ಟುಕೊಂಡೇ ಚಿಕಿತ್ಸೆ ಪಡೆಯಬಹುದು ಎನ್ನುವುದು ನನಗೆ ದೊಡ್ಡ ನೆಮ್ಮದಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10%ರಷ್ಟು ಮಂದಿಗೆ ಇದು ಇದೆ. ಹೆಸರು ಗೊತ್ತಾಗಲು 4ರಿಂದ 12 ವರ್ಷ ತಡವಾಗುತ್ತದೆ. ಅಷ್ಟು ವರ್ಷ ಸುಮ್ನೆ ಕೂರುವುದಕ್ಕಿಂತ ಇದು ಒಳ್ಳೆಯದು ಅಲ್ವಾ?

ಒಂದು ಎಚ್ಚರಿಕೆ ಮಾತ್ರ ಬೇಕು. ನಮ್ಮ ದೇಶದಲ್ಲಿ ಗರ್ಭಕೋಶದ ಟಿಬಿಯೂ ಕಿಬ್ಬೊಟ್ಟೆಯ ನೋವು, ಅಂಟು, ಮಕ್ಕಳಾಗದಿರುವುದು ಎಲ್ಲ ತರುತ್ತದೆ. ಸೋಂಕು, ಫೈಬ್ರಾಯ್ಡ್, ಕರುಳಿನ ತೊಂದರೆಯೂ ಇದೇ ವೇಷ ಹಾಕಬಲ್ಲವು. ಮೂರು ತಿಂಗಳು ಔಷಧ ತೆಗೆದುಕೊಂಡರೂ ಏನೂ ವ್ಯತ್ಯಾಸ ಇಲ್ಲದಿದ್ದರೆ ಅದೇ ಚೀಟಿಯನ್ನು ಮತ್ತೆ ಬರೆಸಿಕೊಂಡು ಬರಬೇಡಿ. "ಬೇರೆ ಏನಾದರೂ ಇರಬಹುದೇ?" ಎಂದು ಕೇಳಿ.

ನೋವಿನ ಗುಳಿಗೆ

ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ, ಎಲ್ಲರೂ ತಪ್ಪಾಗಿ ತಗೊಳ್ಳುತ್ತಾರೆ. ನಾನೂ ಹಾಗೇ ಮಾಡಿದೆ. ತಡೆಯಲಾರದಷ್ಟು ಏರಿದ ಮೇಲೆ ಒಂದು ನುಂಗುವುದು, ಆಮೇಲೆ ಕೆಲಸವೇ ಮಾಡಲಿಲ್ಲ ಎನ್ನುವುದು. ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್, ನೆಪ್ರೋಕ್ಸೆನ್ ಇವು ನೋವು ಹುಟ್ಟಿಸುವ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತವೆ. ಆದ್ದರಿಂದ ಮೊದಲ ಸೂಚನೆಗೇ ಶುರು ಮಾಡಬೇಕು, ಡಾಕ್ಟರ್ ಹೇಳಿದ ಅಂತರದಲ್ಲಿ ಎರಡು ಮೂರು ದಿನ ಗಡಿಯಾರ ನೋಡಿ ತಗೊಳ್ಳಬೇಕು. ಊಟ ಆದ ಮೇಲೆ. ಏಕಾದಶಿ, ಶ್ರಾವಣ ಸೋಮವಾರ ಎಂದು ಬರಿ ಹೊಟ್ಟೆಯಲ್ಲಿ ನುಂಗಬೇಡಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದವರು ಕೇಳದೆ ಮುಟ್ಟಬಾರದು. ಮೆಫೆನಾಮಿಕ್ ಬಗ್ಗೆ 2023ರಲ್ಲಿ ಭಾರತೀಯ ಔಷಧ ಸಂಹಿತೆ ಆಯೋಗ ಒಂದು ಎಚ್ಚರಿಕೆ ಕೊಟ್ಟಿದೆ. ಅಪರೂಪಕ್ಕೆ ಮೈಮೇಲೆ ದದ್ದು, ಜ್ವರ, ಗಂಟಲ ಗಡ್ಡೆ ಊತ ಬರಬಹುದು. ಬಂದರೆ ಗುಳಿಗೆ ನಿಲ್ಲಿಸಿ ದವಾಖಾನೆಗೆ ಹೋಗಬೇಕು.

ಬಿಸಿನೀರಿನ ಚೀಲ ಉಪಯೋಗಕ್ಕೆ ಬರುತ್ತದೆ. ನಡಿಗೆ, ಆಗುವಷ್ಟು ಯೋಗ ಬರುತ್ತದೆ. ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದಂತೂ ಬಹಳ ಮುಖ್ಯ. ಅದರಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ ತಿನ್ನುವ ನಾವು ಪುಣ್ಯವಂತರು. ಆದರೆ ಯಾವ ಕಷಾಯವೂ, ಯಾವ ಪಥ್ಯವೂ ಬೆಳೆದ ಪದರವನ್ನು ಕರಗಿಸುವುದಿಲ್ಲ.

ಹಾರ್ಮೋನ್: ಐದು ಬಗೆ, ಐದು ಬಗೆಯ ಹೆಂಗಸರು

ಇಲ್ಲೇ ನಿಜವಾದ ಆಯ್ಕೆ ಇರುವುದು. ನೋವು ತಗ್ಗಿಸುವುದರಲ್ಲಿ ಇವು ಒಂದಕ್ಕೊಂದು ಬಹಳ ಹಿಂದೆ ಬೀಳುವುದಿಲ್ಲ. ಎಲ್ಲದರ ಕೆಲಸವೂ ಸುಮಾರು ಒಂದೇ, ತಿಂಗಳ ಏರಿಳಿತವನ್ನು ಮಲಗಿಸುವುದು. ನಿಲ್ಲಿಸಿದರೆ ನೋವು ಮರಳಬಹುದು. ಹಾಗಾಗಿ ಅಡ್ಡ ಪರಿಣಾಮ, ಖರ್ಚು, ಮಗು ಯಾವಾಗ ಬೇಕು ಎನ್ನುವ ಮೂರನ್ನು ನೋಡಿ ಆರಿಸಬೇಕು.

ಮೊದಲಿಗೆ ಮಾಲಾ-ಎನ್‌ನಂಥ ಎರಡು ಹಾರ್ಮೋನಿನ ಗುಳಿಗೆ. ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ಪಾಕೀಟಿನಲ್ಲಿ 21 ಹಾರ್ಮೋನಿನವು, 7 ಕಬ್ಬಿಣದವು. ಮುಟ್ಟೇ ಬರದಂತೆ ಮಾಡಲು ಕೆಲವು ಡಾಕ್ಟರು ಕಬ್ಬಿಣದ ಗುಳಿಗೆ ಬಿಟ್ಟು ನೇರ ಮುಂದಿನ ಪಾಕೀಟು ಶುರು ಮಾಡಲು ಹೇಳುತ್ತಾರೆ. ಚಿಕ್ಕ ವಯಸ್ಸು, ಬೇರೆ ಕಾಯಿಲೆ ಇಲ್ಲ, ಸದ್ಯ ಮಗು ಬೇಡ ಎನ್ನುವವರಿಗೆ ಇದು ಸರಳ. ಬಿಪಿ ಇದ್ದವರಿಗೆ, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ, ಕಣ್ಣ ಮುಂದೆ ಮಿಂಚು ಬಂದು ಆಮೇಲೆ ತಲೆ ಸಿಡಿಯುವ ಮೈಗ್ರೇನ್ ಇದ್ದವರಿಗೆ ಇದು ಆಗದು. ಇದರ ದೊಡ್ಡ ಅಡ್ಡಿ ವೈದ್ಯಕೀಯದ್ದಲ್ಲ. ನಮ್ಮ ಕಡೆ ಇದು 'ಮಕ್ಕಳಾಗದ ಗುಳಿಗೆ'. ಮದುವೆಯಾಗದ ಹುಡುಗಿಯ ಬ್ಯಾಗಿನಲ್ಲಿ ಸಿಕ್ಕರೆ ಮನೆಯಲ್ಲಿ ರಾಮಾಯಣ. ಡಾಕ್ಟರಿಂದಲೇ ಅವ್ವನಿಗೆ ಹೇಳಿಸಿ, ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆಸಿಕೊಳ್ಳಿ.

ಎರಡನೆಯದು ಡೈನೋಜೆಸ್ಟ್ 2 ಮಿ.ಗ್ರಾಂ. ನಾನು ಆರಿಸಿದ್ದು ಇದನ್ನು. ದಿನಾ ಒಂದು, ಹೊತ್ತಿಗೆ ಸರಿಯಾಗಿ, ನಡುವೆ ಬಿಡುವಿಲ್ಲ. ಇದರಲ್ಲಿ ಈಸ್ಟ್ರೋಜನ್ ಇಲ್ಲ, ಹಾಗಾಗಿ ಮಾಲಾ ಆಗದ ಎಷ್ಟೋ ಮಂದಿಗೆ ಇದು ಆಗುತ್ತದೆ. ಮೊದಲ ಎರಡು ಮೂರು ತಿಂಗಳು ಯಾವಾಗ ಬೇಕಾದರೂ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿಕೊಳ್ಳುತ್ತದೆ. ಮನೆಯಲ್ಲಿ ಹೊರಗೆ ಕೂಡುವ ಪದ್ಧತಿ ಇದ್ದರೆ ಇದು ದೊಡ್ಡ ಪೇಚು. ಇವತ್ತು ಹೊರಗೋ ಒಳಗೋ ಎಂದು ಅತ್ತೆ ಕೇಳಿದರೆ ಏನು ಹೇಳುವುದು? ಇದು ಗುಳಿಗೆಯಿಂದ ಬಂದದ್ದು, ಮುಟ್ಟಲ್ಲ ಎಂದು ನಾನು ಗಟ್ಟಿಯಾಗಿ ಹೇಳಿಬಿಟ್ಟೆ. ನಾಲ್ಕನೇ ತಿಂಗಳಿಂದ ನಿಂತಿತು, ನೋವು ಅರ್ಧಕ್ಕಿಂತ ಕೆಳಗೆ ಇಳಿಯಿತು. ಮನಸ್ಸು ಮಾತ್ರ ಕೆಲವು ವಾರ ಮಂಕಾಗಿತ್ತು. ಅದೂ ಇದರ ಗೊತ್ತಿರುವ ಅಡ್ಡ ಪರಿಣಾಮವೇ. ಹಿಂದೆ ಖಿನ್ನತೆ ಇದ್ದವರು ಡಾಕ್ಟರಿಗೆ ಮೊದಲೇ ಹೇಳಬೇಕು. ಇದನ್ನು ಬಸಿರು ತಡೆಯುವ ಗುಳಿಗೆ ಎಂದು ನಂಬಿ ಕೂರಬಾರದು, ಕಾಂಡೋಮ್ ಬೇಕು. ಪುಕ್ಕಟೆ ಸಿಗುವ ಮಾಲಾದ ಮುಂದೆ ಖರ್ಚು ಜಾಸ್ತಿ. ಕಂಪನಿಯಿಂದ ಕಂಪನಿಗೆ ಬೆಲೆ ಬಹಳ ಬೇರೆ, ಅಂಗಡಿಯಲ್ಲಿ ಬ್ರಾಂಡ್ ಬಿಟ್ಟು ಔಷಧದ ಹೆಸರು ಹೇಳಿ ಕೇಳಿ.

ಮೂರನೆಯದು ಹಾರ್ಮೋನ್ ಇರುವ ಕಾಯಿಲ್, ಗರ್ಭಚೀಲದೊಳಗೆ ಕೂಡಿಸುವುದು. ಒಮ್ಮೆ ಹಾಕಿದರೆ ಐದು ವರ್ಷವಾದರೂ ದಿನಾ ನೆನಪಿಡುವ ಗೋಜಿಲ್ಲ. ಮಕ್ಕಳಾಗಿವೆ, ರಕ್ತಸ್ರಾವವೂ ಜಾಸ್ತಿ ಎನ್ನುವವರಿಗೆ ನನ್ನ ಲೆಕ್ಕದಲ್ಲಿ ಇದೇ ಮೊದಲು. ಇದನ್ನು ಕಾಪರ್ ಟಿ ಎಂದು ತಿಳಿಯಬೇಡಿ. ಕಾಪರ್ ಟಿ ನೋವನ್ನೂ ರಕ್ತಸ್ರಾವವನ್ನೂ ಹೆಚ್ಚಿಸಬಹುದು. ಚೀಲ ಬಾಗಿದ್ದರೂ ಹಾಕಿಸಿಕೊಳ್ಳಬಹುದು, ಆದರೆ ಯಾವ ಕಡೆ ಬಾಗಿದೆ ಎಂದು ಹಾಕುವವರಿಗೆ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಗೋಡೆಗೆ ಚುಚ್ಚುವ ಅಪಾಯ ಜಾಸ್ತಿ. ನಿಮ್ಮ ಹಳೆಯ ರಿಪೋರ್ಟ್ ಅವರ ಮುಂದೆ ಇಡಿ.

ನಾಲ್ಕನೆಯದು ಮೂರು ತಿಂಗಳಿಗೊಮ್ಮೆಯ ಇಂಜೆಕ್ಷನ್, ಸರಕಾರಿ ದವಾಖಾನೆಯಲ್ಲಿ ಅಂತರಾ ಎಂದು ಪುಕ್ಕಟೆ ಕೊಡುವುದು. ಅದು ಇರುವುದು ಬಸಿರು ತಡೆಯಲು, ಆದರೆ ಅದರಲ್ಲಿರುವ ಹಾರ್ಮೋನ್ ಈ ನೋವನ್ನೂ ತಗ್ಗಿಸುತ್ತದೆ. ಗುಳಿಗೆ ಬಚ್ಚಿಡಲು ಜಾಗ ಇಲ್ಲದವರಿಗೆ ಅನುಕೂಲ. ಆದರೆ ಬಿಟ್ಟ ಮೇಲೆ ಮತ್ತೆ ಬಸಿರಾಗಲು ಹಲವು ತಿಂಗಳು ಹಿಡಿಯಬಹುದು. ಬಹಳ ವರ್ಷ ತಗೊಂಡರೆ ಮೂಳೆ ಸವೆಯುವ ಚಿಂತೆಯೂ ಇದೆ. ಮುಂದಿನ ವರ್ಷ ಮಗು ಬೇಕು ಎನ್ನುವವರು ಇದರ ಹತ್ತಿರ ಹೋಗಬೇಡಿ.

ಕೊನೆಯದು ಲ್ಯೂಪ್ರೊಲೈಡ್‌ನಂಥ ಇಂಜೆಕ್ಷನ್, ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ. ಇದು ದೇಹವನ್ನು ಸ್ವಲ್ಪ ಕಾಲ ಮುಟ್ಟು ನಿಂತವರ ಥರ ಮಾಡಿಬಿಡುತ್ತದೆ. ಮೈ ಕಾವು ಏರುವುದು, ನಿದ್ದೆ ಹೋಗುವುದು, ಮೂಳೆ ತೆಳ್ಳಗಾಗುವುದು ಎಲ್ಲ ಜೊತೆಗೇ ಬರುತ್ತದೆ. ದುಬಾರಿ. ಸಾಮಾನ್ಯವಾಗಿ ಆರು ತಿಂಗಳ ಆಚೆಗೆ ಇದೊಂದನ್ನೇ ಕೊಡುವುದಿಲ್ಲ, ಮೂಳೆ ಕಾಯಲು ಜೊತೆಗೆ ಬೇರೆ ಹಾರ್ಮೋನ್ ಕೊಡುತ್ತಾರೆ. ಮೊದಲ ಭೇಟಿಯಲ್ಲೇ ಇದನ್ನು ಬರೆದರೆ "ಗುಳಿಗೆಯಿಂದ ಶುರು ಮಾಡಬಹುದಲ್ಲ ಮೇಡಂ?" ಎಂದು ಕೇಳಲು ಸಂಕೋಚ ಬೇಡ.

ಮಗು ಬೇಕಾದವರಿಗೆ

ಮೇಲಿನ ಐದೂ ನಿಮಗಲ್ಲ. ತಗೊಳ್ಳುವಷ್ಟು ದಿನ ಬಸಿರಾಗುವುದು ಮುಂದೆ ಹೋಗುತ್ತದೆ, ಬಿಟ್ಟ ಮೇಲೆ ತಾನಾಗಿ ಬಸಿರಾಗುವ ಸಾಧ್ಯತೆಯೇನೂ ಹೆಚ್ಚುವುದಿಲ್ಲ. "ಆರು ತಿಂಗಳು ಇಂಜೆಕ್ಷನ್ ತಗೊಳ್ಳಿ, ಆಮೇಲೆ ತಾನಾಗಿ ಆಗುತ್ತದೆ" ಎಂದರೆ ಇನ್ನೊಬ್ಬರನ್ನು ಕೇಳಿ. ಕಾಯಿಲೆ ಇದ್ದೂ ತಾವಾಗಿ ಬಸಿರಾಗುವವರು ಬಹಳ ಮಂದಿ ಇದ್ದಾರೆ. ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು ನೋಡಿ, ಆಮೇಲೆ ಇಬ್ಬರೂ ಪರೀಕ್ಷೆ ಮಾಡಿಸಬೇಕು. ಇಬ್ಬರೂ ಎನ್ನುವುದಕ್ಕೆ ಗೆರೆ ಎಳೆಯಿರಿ. ವೀರ್ಯ ಪರೀಕ್ಷೆಗೆ ಖರ್ಚೂ ಕಡಿಮೆ, ನೋವೂ ಇಲ್ಲ. ಆದರೂ ನಮ್ಮಲ್ಲಿ ಹೆಂಡತಿಗೆ ಆಪರೇಷನ್ ಆದ ಮೇಲೆ ಗಂಡನ ಪರೀಕ್ಷೆ.

ಇನ್ನು, ಕೂಸು ಆದರೆ ನೋವು ಹೋಗುತ್ತದೆ ಎನ್ನುವ ಮಾತು. ಬಸಿರಿನಲ್ಲಿ, ಹಾಲುಣಿಸುವಾಗ ಮುಟ್ಟಿಲ್ಲದ್ದರಿಂದ ಕೆಲವರಿಗೆ ತಗ್ಗುತ್ತದೆ. ಅದು ವಾಸಿಯಾದದ್ದಲ್ಲ. ಔಷಧ ಎಂದು ಮಗು ಮಾಡಿಕೊಳ್ಳಿ ಎನ್ನಬಾರದು ಎಂದು ಅದೇ 2022ರ ಮಾರ್ಗಸೂಚಿ ಹೇಳುತ್ತದೆ.

ಲ್ಯಾಪ್ರೋಸ್ಕೋಪಿ ಯಾವಾಗ?

ಔಷಧ ಸೋತಾಗ. ಔಷಧ ಆಗದಿದ್ದಾಗ. ಸಿಸ್ಟ್ ದೊಡ್ಡದಿದ್ದಾಗ. ಕರುಳಿಗೋ ಮೂತ್ರನಾಳಕ್ಕೋ ಅಡ್ಡಿಯಾದಾಗ. ಮಗುವೂ ಬೇಕು, ನೋವೂ ತಡೆಯಲಾಗದು ಎನ್ನುವಾಗ. ಪೂರ್ತಿ ಅರಿವಳಿಕೆ ಕೊಟ್ಟು, ಹೊಕ್ಕಳ ಹತ್ತಿರ ಮತ್ತು ಕೆಳಗೆ ಸಣ್ಣ ತೂತು ಹಾಕಿ ಮಾಡುತ್ತಾರೆ. ಗಾಳಿ ತುಂಬುವುದರಿಂದ ಆಮೇಲೆ ಒಂದೆರಡು ದಿನ ಹೆಗಲು ನೋಯುತ್ತದೆ. ಹೊಟ್ಟೆಯ ಆಪರೇಷನ್‌ಗೆ ಹೆಗಲು ಯಾಕೆ ನೋಯುತ್ತದೆ ಎಂದು ಗಾಬರಿಯಾಗಬೇಡಿ.

ಆಪರೇಷನ್ ಮಾಡುವವರನ್ನು ನಾಲ್ಕು ಮಾತು ಕೇಳಿ. ಕಂಡರೆ ಅಲ್ಲೇ ತೆಗೆಯುತ್ತೀರಾ, ಬರೀ ನೋಡಿ ಹೊಲಿಯುತ್ತೀರಾ? ತೆಗೆದದ್ದನ್ನು ಬಯಾಪ್ಸಿಗೆ ಕಳಿಸುತ್ತೀರಾ, ಟಿಬಿಗೂ ನೋಡುತ್ತೀರಾ? ಕರುಳಿಗೆ ಅಂಟಿದ್ದರೆ ಕರುಳಿನ ಸರ್ಜನ್ ಜೊತೆಗಿರುತ್ತಾರಾ? ಆಮೇಲೆ ಯಾವ ಹಾರ್ಮೋನ್? ಈ ಕೊನೆಯ ಪ್ರಶ್ನೆ ಎಲ್ಲರೂ ಮರೆಯುತ್ತಾರೆ. ತೆಗೆದ ಮೇಲೂ ಇದು ಮರಳಬಹುದು, ಮಗು ಬೇಡದವರು ಹಾರ್ಮೋನ್ ಮುಂದುವರಿಸಿದರೆ ಮರಳುವುದು ಕಡಿಮೆ. ಚಾಕೊಲೇಟ್ ಸಿಸ್ಟ್ ತೆಗೆಯುವಾಗ ಅದರ ಜೊತೆ ಒಳ್ಳೆಯ ಅಂಡಗಳೂ ಹೋಗುತ್ತವೆ. ಮಗು ಬೇಕಾದವರು ಮೊದಲು ಎಎಂಎಚ್ ರಕ್ತ ಪರೀಕ್ಷೆಯ ಬಗ್ಗೆ, ಅಂದರೆ ಅಂಡಗಳು ಎಷ್ಟು ಉಳಿದಿವೆ ಎಂದು ಅಂದಾಜು ಮಾಡುವ ಪರೀಕ್ಷೆಯ ಬಗ್ಗೆ ಮಾತಾಡಬೇಕು. ಹಾಗಾಗಿ ಹತ್ತಿರದ ದವಾಖಾನೆಯಲ್ಲಿ ಮೂರು ಸಲ ಮಾಡಿಸುವುದಕ್ಕಿಂತ ದೂರವಾದರೂ ಪಳಗಿದ ಕೈಯಲ್ಲಿ ಒಮ್ಮೆ ಮಾಡಿಸುವುದು ಮೇಲು.

ಕಾಯಿಲೆಯ ಹಂತ 1, 2, 3, 4 ಎಂದು ಬರೆಯುತ್ತಾರೆ. ಆ ಅಂಕಿಗೂ ನಿಮ್ಮ ನೋವಿಗೂ ಸಂಬಂಧ ಇಲ್ಲ. ಒಂದನೇ ಹಂತದವಳು ನೆಲ ಹಿಡಿಯಬಹುದು, ನಾಲ್ಕನೇ ಹಂತದವಳಿಗೆ ಗೊತ್ತೇ ಆಗದಿರಬಹುದು.

"ಚೀಲ ತಗಸಿಬಿಡ್ರಿ"

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಈ ಮಾತು ಬಹಳ ಹಗುರಾಗಿ ಬರುತ್ತದೆ. ಎರಡು ಮಕ್ಕಳಾಗಿವೆ, ಇನ್ನೇಕೆ ಬೇಕು ಎನ್ನುವ ಧಾಟಿ. ಕಬ್ಬು ಕಡಿಯುವ ಹೆಂಗಸರ ಗರ್ಭಚೀಲಗಳನ್ನು ಸಾಲಾಗಿ ತೆಗೆದ ಸುದ್ದಿ 2019ರಲ್ಲಿ ಮಹಾರಾಷ್ಟ್ರದ ಬೀಡ್‌ನಿಂದ ಬಂದಾಗ ನಾವೆಲ್ಲ ಓದಿದ್ದೇವೆ. ಕಬ್ಬಿನ ಗ್ಯಾಂಗಿಗೆ ನಮ್ಮ ತಾಂಡಾಗಳಿಂದಲೂ ಹೆಂಗಸರು ಹೋಗುತ್ತಾರೆ, ಹಾಗಾಗಿ ಅದು ಬೇರೆ ರಾಜ್ಯದ ಸುದ್ದಿ ಎಂದು ನನಗೆ ಅನಿಸಲಿಲ್ಲ. ಬೇಡದ ಗರ್ಭಚೀಲ ಆಪರೇಷನ್‌ಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಲೆಕ್ಕ ಸರಳ ಇದೆ. ಈ ಕಾಯಿಲೆ ಬೆಳೆಯುವುದು ಚೀಲದ ಹೊರಗೆ. ಒಳಗಿನದನ್ನು ತೆಗೆದು ಹೊರಗಿನದನ್ನು ಬಿಟ್ಟರೆ ನೋವು ಉಳಿಯಬಹುದು. ಅಂಡಾಶಯವನ್ನೂ ಚಿಕ್ಕ ವಯಸ್ಸಿಗೇ ತೆಗೆದರೆ ಮೂಳೆ, ಹೃದಯ ಎರಡಕ್ಕೂ ಪೆಟ್ಟು. ಚೀಲ ಬಾಗಿದೆ ಎಂಬುದೊಂದೇ ಕಾರಣಕ್ಕೆ ತೆಗೆಯಿರಿ ಎಂದರೆ ಎದ್ದು ಬನ್ನಿ. ಮಕ್ಕಳು ಸಾಕು, ಅಡೆನೋಮಯೋಸಿಸ್ ಖಚಿತ, ಗುಳಿಗೆ, ಕಾಯಿಲ್ ಎಲ್ಲ ಆಯಿತು, ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ ಇಳಿದಿದೆ ಎನ್ನುವವರಿಗೆ ಇದು ಸರಿಯಾದ ದಾರಿ ಇರಬಹುದು. ನನ್ನ ದೊಡ್ಡಮ್ಮನ ಮಗಳಿಗೆ ಹಾಗೇ ಆಯಿತು, ಅವಳು ಈಗ ಆರಾಮಾಗಿದ್ದಾಳೆ. ಅವಳಿಗೆ ಆಗ 46.

ಎಲ್ಲಿಗೆ ಹೋಗುವುದು?

ಮೂರೂ ಊರಲ್ಲಿ ವೈದ್ಯಕೀಯ ಕಾಲೇಜು ಇವೆ. ಬೆಳಗಾವಿಯಲ್ಲಿ ಸರಕಾರಿ ಬಿಮ್ಸ್ ಮತ್ತು ಕೆಎಲ್‌ಇ, ಬಾಗಲಕೋಟೆಯ ನವನಗರದಲ್ಲಿ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇ ಮತ್ತು ಅಲ್-ಅಮೀನ್. ಜೊತೆಗೆ ಜಿಲ್ಲಾ ಆಸ್ಪತ್ರೆಗಳು. ಓಣಿಯ ಕ್ಲಿನಿಕ್‌ಗೆ ಹೋಲಿಸಿದರೆ ಇಲ್ಲಿ ಪಾಳಿ ಉದ್ದ, ಸಲಸಲವೂ ಬೇರೆ ಡಾಕ್ಟರ್ ಸಿಗಬಹುದು. ಆದರೆ ಸ್ಕ್ಯಾನ್, ಸರ್ಜನ್, ಬಯಾಪ್ಸಿ ಒಂದೇ ಕಡೆ. ನನ್ನ ಅನುಭವದಲ್ಲಿ ಗುಳಿಗೆಗೆ ಹತ್ತಿರದ ಒಬ್ಬ ಡಾಕ್ಟರು, ಸ್ಕ್ಯಾನ್ ಮತ್ತು ಆಪರೇಷನ್ ಮಾತಿಗೆ ಕಾಲೇಜು ದವಾಖಾನೆ.

ಅಥಣಿ, ಚಿಕ್ಕೋಡಿಯವರು ಮಿರಜ್‌ಗೆ, ಇಂಡಿ, ವಿಜಯಪುರದವರು ಸೊಲ್ಲಾಪುರಕ್ಕೆ ಹೋಗುವುದು ಹಳೆಯ ರೂಢಿ. ಒಳ್ಳೆಯ ಡಾಕ್ಟರಿದ್ದಾರೆ, ಹೋಗಿ. ಎರಡು ಲೆಕ್ಕ ಮಾತ್ರ ಹಾಕಿಕೊಳ್ಳಿ. ಶಕ್ತಿ ಯೋಜನೆಯ ಪುಕ್ಕಟೆ ಬಸ್ಸು ರಾಜ್ಯದ ಒಳಗೆ ಮಾತ್ರ, ಹುಬ್ಬಳ್ಳಿಗೆ ನಡೆಯುತ್ತದೆ, ಸೊಲ್ಲಾಪುರಕ್ಕಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ, ಆದರೆ ತುರ್ತಲ್ಲದ ಆಪರೇಷನ್‌ಗೆ ಸಾಮಾನ್ಯವಾಗಿ ಮೊದಲು ಸರಕಾರಿ ಆಸ್ಪತ್ರೆಯ ರೆಫರಲ್ ಬೇಕು. ಖಾಸಗಿಯಲ್ಲಿ ದಾಖಲಾದ ಮೇಲೆ ಕಾರ್ಡ್ ತೆಗೆದರೆ ನಡೆಯುವುದಿಲ್ಲ ಎನ್ನಬಹುದು. ಆಪರೇಷನ್ ತಾರೀಕಿಗೆ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಿ. ನೌಕರಿ ಮಾಡುವವರಿಗೆ ಇನ್ನೊಂದು ವಿಷಯ. ತಿಂಗಳಿಗೆ ಒಂದು ದಿನದ ಸಂಬಳ ಸಹಿತ ಮುಟ್ಟಿನ ರಜೆಗೆ ರಾಜ್ಯ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿದೆ. ಕಚೇರಿಯಲ್ಲಿ ವಿಚಾರಿಸಿ.

ಇದೆಲ್ಲ ಯೋಚಿಸುತ್ತ ಕೂರಬಾರದ ಹೊತ್ತೂ ಇದೆ. ಒಂದು ಬದಿಗೆ ಇದ್ದಕ್ಕಿದ್ದಂತೆ ಕಿತ್ತು ಬರುವ ನೋವು, ಜೊತೆಗೆ ವಾಂತಿ. ನೋವಿನ ಜೊತೆ ಜ್ವರ. ಮುಟ್ಟು ತಪ್ಪಿದಾಗ ಹೊಟ್ಟೆ ನೋವು, ತಲೆ ಸುತ್ತು. ಇವಕ್ಕೆ ಅವತ್ತೇ, ಆ ತಾಸಿನಲ್ಲೇ ದವಾಖಾನೆಗೆ.

ನಾನು ಒಂದು ವರ್ಷ ಡೈನೋಜೆಸ್ಟ್ ತಗೊಂಡು, ಮಗು ಬೇಕು ಎಂದು ಈ ಯುಗಾದಿಗೆ ನಿಲ್ಲಿಸಿದೆ. ಮೂರನೇ ದವಾಖಾನೆಯಲ್ಲಿ ಗರ್ಭಚೀಲ ಅಲುಗಾಡುತ್ತದೆ, ಎಡಗಡೆ ಸ್ವಲ್ಪ ಅಂಟಿದೆ ಎಂದಿದ್ದಾರೆ. ಮೊನ್ನೆ ಕಾಲೇಜಿಗೆ ಹೋಗುವ ನನ್ನ ನಾದಿನಿ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದಳು, "ವೈನಿ, ನೀವು ತಗೋತಿದ್ರಲ್ಲ ಆ ಗುಳಿಗಿ, ಉಳದಾವೇನ್ರಿ?" ಉಳಿದಿದ್ದವು. ಕೊಡಲಿಲ್ಲ. ನನ್ನ ಹಳೆಯ ನೋಟ್‌ಬುಕ್ಕಿನ ಖಾಲಿ ಪುಟ ತೆಗೆದು ನಾಲ್ಕು ಗೆರೆ ಎಳೆದು ಕೊಟ್ಟೆ. ತಾರೀಕು, ಹತ್ತಕ್ಕೆ ಎಷ್ಟು ನೋವು, ಎಲ್ಲಿ, ಏನು ತಗೊಂಡೆ. ಮೂರು ತಿಂಗಳು ತುಂಬಿಸು, ಆಮೇಲೆ ಇಬ್ಬರೂ ಹೋಗೋಣ ಎಂದೆ. ಮೊದಲ ಸಾಲನ್ನು ಅಲ್ಲೇ ನಿಂತು ಬರೆದಳು. ಹತ್ತಕ್ಕೆ ಒಂಬತ್ತು.